ಆಯವ್ಯಯದ ಬಿಗಿತ ಮತ್ತು ಸಂಶೋಧನೆಯ ಬಾಳಿಕೆ: ಪುಣೆಯ ಡೆಕ್ಕನ್ ಕಾಲೇಜಿನ ನಿದರ್ಶನ

ಸಾರ್ವಜನಿಕ ವಿದ್ಯಾಸಂಸ್ಥೆಗಳ ಹಣಕಾಸಿನ ಇಕ್ಕಟ್ಟು ಆಡಳಿತಗಾರರಿಗೂ ಅರ್ಥಶಾಸ್ತ್ರಜ್ಞರಿಗೂ ಸೇರಿದ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಶಾಸನ, ನಿಘಂಟು, ಉಪಭಾಷೆ, ಪ್ರಾಕ್ತನಶಾಸ್ತ್ರ ಮೊದಲಾದ ಕ್ಷೇತ್ರಗಳಲ್ಲಿ ದುಡಿಯುವವರು ಈ ಚರ್ಚೆಯಿಂದ ದೂರ ನಿಲ್ಲುವುದೇ ಹೆಚ್ಚು. ಆದರೆ ಅನುದಾನದಲ್ಲಿ ಕಡಿತವಾದಾಗ ಅದರ ಪೆಟ್ಟು ಮೊದಲು ಬೀಳುವುದು ಈ ಕ್ಷೇತ್ರಗಳ ಮೇಲೆಯೇ. ಆದಕಾರಣ ಒಂದು ಸಂಸ್ಥೆಯ ಹಣದ ಮೂಲ ಯಾವುದು, ಅದು ಯಾವ ಷರತ್ತಿಗೆ ಒಳಪಟ್ಟಿದೆ, ಎಷ್ಟು ಕಾಲ ನಿಲ್ಲತಕ್ಕದ್ದು ಎಂಬ ಪ್ರಶ್ನೆಗಳು ವಿದ್ವತ್ತಿನ ಇತಿಹಾಸಕ್ಕೂ ಸಂಬಂಧಿಸಿದವು. ಪುಣೆಯ ಡೆಕ್ಕನ್ ಕಾಲೇಜಿನ ಚರಿತ್ರೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಆಯ್ಕೆಗೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಈ ಸಂಸ್ಥೆಯನ್ನು ಸರಕಾರ 1934ರಲ್ಲಿ ಮುಚ್ಚಿತು. ಐದು ವರ್ಷಗಳ ಬಳಿಕ ಅದು ಬೇರೊಂದು ರೂಪದಲ್ಲಿ ಮತ್ತೆ ತೆರೆಯಿತು. ಮುಚ್ಚುವುದಕ್ಕೆ ಏನು ಎಡೆಮಾಡಿಕೊಟ್ಟಿತು, ತೆರೆಯುವುದು ಯಾವುದರ ಬಲದಿಂದ ಸಾಧ್ಯವಾಯಿತು ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡನೆಯದಾಗಿ, ಮರಳಿ ತೆರೆದ ಈ ಸಂಸ್ಥೆಯಿಂದ ಕನ್ನಡದ ಅಧ್ಯಯನಕ್ಕೆ ದೊರೆತ ಫಲ ಸಣ್ಣದಲ್ಲ. ಕರ್ನಾಟಕದ ಹೊರಗಿನ ಸಂಸ್ಥೆಯೊಂದು ಕನ್ನಡಕ್ಕೆ ಏನನ್ನು ಕೊಡಬಲ್ಲುದು, ಅದಕ್ಕೆ ಎಂಥ ಆಧಾರ ಬೇಕು ಎಂಬುದನ್ನು ಹೊರನಾಡಿನ ಸಂಶೋಧಕರು ಇದರಿಂದ ತಿಳಿಯಬಹುದು.

1. ದಕ್ಷಿಣೆಯ ನಿಧಿಯಿಂದ ಕಾಲೇಜಿಗೆ

ಪೇಶ್ವೆಯರ ಕಾಲದಲ್ಲಿ ಪುಣೆಯಲ್ಲಿ ಪ್ರತಿವರ್ಷ ಶ್ರಾವಣಮಾಸದಲ್ಲಿ ವಿದ್ವಾಂಸರಿಗೆ ದಕ್ಷಿಣೆ ಹಂಚುವ ಪದ್ಧತಿಯಿದ್ದಿತು. 1818ರಲ್ಲಿ ಪೇಶ್ವೆಯರ ರಾಜ್ಯ ಕೊನೆಗೊಂಡ ಮೇಲೆ ಕಂಪೆನಿ ಸರಕಾರ ಈ ವೆಚ್ಚವನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಅದನ್ನು ಕುಗ್ಗಿಸಿ, ಅದರ ಒಂದು ಭಾಗವನ್ನು ವಿದ್ಯಾಭ್ಯಾಸಕ್ಕೆ ತಿರುಗಿಸಿತು. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಮುಂಬಯಿಯ ಗವರ್ನರ್ ಆಗಿದ್ದಾಗ 1821ರ ಅಕ್ಟೋಬರ್ 6ರಂದು ವಿಶ್ರಾಮಬಾಗ ವಾಡೆಯಲ್ಲಿ ಹಿಂದೂ ಕಾಲೇಜು ಆರಂಭವಾಯಿತು. 1851ರಲ್ಲಿ ಅದು ಅಲ್ಲಿನ ಇಂಗ್ಲಿಷ್ ಶಾಲೆಯೊಡನೆ ಕೂಡಿ ಪೂನಾ ಕಾಲೇಜಾಯಿತು. 1864ರಲ್ಲಿ ಡೆಕ್ಕನ್ ಕಾಲೇಜೆಂಬ ಹೆಸರು ಪಡೆಯಿತು. ಸರ್ ಜಮ್ಸೆಟ್‌ಜಿ ಜೀಜೀಭಾಯಿ ಅವರ ಒಂದು ಲಕ್ಷ ರೂಪಾಯಿಗಳ ದತ್ತಿಯ ನೆರವಿನಿಂದ ಯೆರವಡೆಯಲ್ಲಿ ಕಟ್ಟಿದ ಹೊಸ ಕಟ್ಟಡಕ್ಕೆ ಅದು 1868ರಲ್ಲಿ ಸ್ಥಳಾಂತರಗೊಂಡಿತು.

ಈ ಸಂಕ್ಷಿಪ್ತ ಚರಿತ್ರೆಯಲ್ಲಿ ಮೂರು ಬಗೆಯ ಹಣ ಬಂದಿರುವುದನ್ನು ಗಮನಿಸಬೇಕು. ಮೊದಲನೆಯದು ಹಳೆಯ ರಾಜ್ಯದಿಂದ ಬಂದ, ಒಂದು ಉದ್ದೇಶಕ್ಕೆ ಮೀಸಲಾದ ನಿಧಿ. ಎರಡನೆಯದು ಸರಕಾರದ ಬೊಕ್ಕಸದಿಂದ ವರ್ಷವರ್ಷವೂ ಮಂಜೂರಾಗುವ ಅನುದಾನ. ಮೂರನೆಯದು ಖಾಸಗಿ ದಾನಿ ಕೊಟ್ಟ ದತ್ತಿ. ವರ್ಷದ ಅನುದಾನವನ್ನು ಆ ವರ್ಷದ ಆಯವ್ಯಯವೇ ನಿರ್ಧರಿಸುತ್ತದೆ. ಅದನ್ನು ಹಿಂತೆಗೆಯಲು ಒಂದು ಸರಕಾರಿ ಆಜ್ಞೆ ಸಾಕು. ದತ್ತಿಯ ಸ್ವರೂಪ ಬೇರೆ. ಕೊಟ್ಟವನ ಉದ್ದೇಶ ದಾಖಲೆಯಾಗಿ ಉಳಿದಿದ್ದರೆ, ಪಡೆದವನು ಆ ಉದ್ದೇಶಕ್ಕೆ ಬದ್ಧನಾಗಿರುತ್ತಾನೆ. ಕಟ್ಟಡಕ್ಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಹಣ ಇಪ್ಪತ್ತನೆಯ ಶತಮಾನದಲ್ಲಿ ಸಂಸ್ಥೆಯ ಜೀವವನ್ನೇ ಉಳಿಸಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಾಲೇಜು ಸಂಸ್ಕೃತ ಹಾಗೂ ಶಾಸನಗಳ ಅಧ್ಯಯನಕ್ಕೆ ಹೆಸರಾಗಿದ್ದಿತು. ಮುಂದೆ ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನವನ್ನು ಸಂಪಾದಿಸಿದ ಫ್ರಾಂಟ್ಸ್ ಕೀಲ್‌ಹಾರ್ನ್ ಇಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದರು. ಅವರ ತರುವಾಯ ರಾಮಕೃಷ್ಣ ಗೋಪಾಲ ಭಾಂಡಾರಕರರು ಆ ಸ್ಥಾನದಲ್ಲಿದ್ದು 1893ರಲ್ಲಿ ನಿವೃತ್ತರಾದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗುವವರೆಗೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ವಿದ್ಯಾರ್ಥಿಗಳು ಪದವಿ ವ್ಯಾಸಂಗಕ್ಕಾಗಿ ಪುಣೆ ಇಲ್ಲವೆ ಮುಂಬಯಿಗೆ ಹೋಗಬೇಕಾಗಿತ್ತು. ಆಲೂರು ವೆಂಕಟರಾಯರೂ ದ. ರಾ. ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರೆಂಬುದು ತಿಳಿದ ಸಂಗತಿಯೇ.

2. ಖಾಸಗಿ ಕಾಲೇಜುಗಳ ಮಾದರಿ

ಸರಕಾರಿ ಕಾಲೇಜಿಗೆ ಪರ್ಯಾಯವಾದ ಇನ್ನೊಂದು ಮಾದರಿಯೂ ಪುಣೆಯಲ್ಲಿಯೇ ರೂಪುಗೊಂಡಿತು. ಡೆಕ್ಕನ್ ಎಜ್ಯುಕೇಶನ್ ಸೊಸೈಟಿ 1884ರಲ್ಲಿ ಸ್ಥಾಪಿತವಾಗಿ, 1885ರಲ್ಲಿ ಫರ್ಗ್ಯುಸನ್ ಕಾಲೇಜನ್ನು ತೆರೆಯಿತು. ಅಲ್ಲಿನ ಶಿಕ್ಷಕರು ಆಜೀವ ಸದಸ್ಯರಾಗಿ, ಅಲ್ಪ ವೇತನ ಪಡೆದು ಸುಮಾರು 20 ವರ್ಷ ಸೇವೆ ಸಲ್ಲಿಸುವ ಪ್ರತಿಜ್ಞೆ ಮಾಡುತ್ತಿದ್ದರು. ಗೋಪಾಲಕೃಷ್ಣ ಗೋಖಲೆಯವರು ಇಂಥ ಸೇವೆಯನ್ನು ಪೂರೈಸಿ 1902ರಲ್ಲಿ ನಿವೃತ್ತರಾದರು. ಬೆಳಗಾವಿಯಲ್ಲಿ 1916ರಲ್ಲಿ ಆರಂಭವಾದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯ ಸ್ಥಾಪಕರಿಗೂ ಈ ಪದ್ಧತಿಯೇ ಪ್ರೇರಣೆಯಾಯಿತು. ಅಂದರೆ ಪುಣೆಯ ಆರ್ಥಿಕ ಮಾದರಿಯೊಂದು ಉತ್ತರ ಕರ್ನಾಟಕದ ವಿದ್ಯಾಪ್ರಸಾರಕ್ಕೆ ನೇರವಾಗಿ ಒದಗಿಬಂದಿತು.

ಈ ಮಾದರಿಯ ಶಕ್ತಿಯೊಡನೆ ಅದರ ಮಿತಿಯನ್ನೂ ಹೇಳಬೇಕು. ಶಿಕ್ಷಕರ ತ್ಯಾಗದಿಂದ ಬೋಧನೆಯ ವೆಚ್ಚ ಇಳಿಯುತ್ತದೆ. ವಿದ್ಯಾರ್ಥಿಗಳ ಶುಲ್ಕ ಮತ್ತು ಸಾರ್ವಜನಿಕ ದೇಣಿಗೆಗಳಿಂದ ಸಂಸ್ಥೆ ನಡೆಯುತ್ತದೆ. ಆದರೆ ಹಸ್ತಪ್ರತಿಗಳ ಸಂಗ್ರಹ, ಉತ್ಖನನ, ನಿಘಂಟುಗಳಂಥ ಕೆಲಸಗಳಿಗೆ ಶುಲ್ಕ ಕೊಡುವ ವಿದ್ಯಾರ್ಥಿಗಳಿಲ್ಲ. ಶುಲ್ಕವನ್ನೇ ನೆಚ್ಚಿದ ಸಂಸ್ಥೆಯಲ್ಲಿ ಬೋಧನೆ ಉಳಿಯಬಲ್ಲುದು. ದೀರ್ಘಕಾಲದ ಸಂಶೋಧನೆಗೆ ಬೇರೆಯ ಆಧಾರ ಬೇಕಾಗುತ್ತದೆ.

3. 1934ರ ಮುಚ್ಚುಗಡೆ ಮತ್ತು 1939ರ ಪುನರಾರಂಭ

ಜಗತ್ತಿನ ಆರ್ಥಿಕ ಕುಸಿತದ ಪರಿಣಾಮ 1930ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿ ಪ್ರಾಂತಕ್ಕೂ ತಟ್ಟಿತು. ಕೃಷಿ ಉತ್ಪನ್ನಗಳ ಬೆಲೆಯಿಳಿದು ಸರಕಾರದ ವರಮಾನ ಕುಗ್ಗಿತು. ವೆಚ್ಚದ ಕಡಿತ ಎಲ್ಲ ಇಲಾಖೆಗಳ ಧೋರಣೆಯಾಯಿತು. ಆ ವೇಳೆಗೆ ಪುಣೆಯಲ್ಲಿ ಫರ್ಗ್ಯುಸನ್ ಮತ್ತು ಸರ್ ಪರಶುರಾಮಭಾವು ಕಾಲೇಜುಗಳು ಬೆಳೆದು ನಿಂತಿದ್ದವು. ಪದವಿ ಬೋಧನೆಯನ್ನು ಅವು ನಡೆಸುತ್ತಿರುವಾಗ ಸರಕಾರಿ ಕಾಲೇಜಿನ ವೆಚ್ಚವನ್ನು ಉಳಿಸಬಹುದೆಂಬ ಎಣಿಕೆಗೆ ಸಹಜವಾಗಿಯೇ ಎಡೆಯಿದ್ದಿತು. 1934ರಲ್ಲಿ ಡೆಕ್ಕನ್ ಕಾಲೇಜನ್ನು ಮುಚ್ಚಲಾಯಿತು.

ಹಳೆಯ ವಿದ್ಯಾರ್ಥಿಗಳು ಈ ನಿರ್ಧಾರವನ್ನು ನ್ಯಾಯಾಲಯಕ್ಕೆ ಒಯ್ದರು. ಅವರ ಆಧಾರ ದತ್ತಿಯದಾಗಿತ್ತು. ಕಾಲೇಜು ನಡೆಸಬೇಕೆಂಬ ಉದ್ದೇಶದಿಂದ ಪಡೆದ ಹಣ ಮತ್ತು ಆಸ್ತಿಯನ್ನು ಆ ಉದ್ದೇಶದಿಂದ ಬೇರ್ಪಡಿಸುವಂತಿಲ್ಲ ಎಂಬುದು ಆ ವಾದದ ತಿರುಳು. ಅವರ ಹೋರಾಟ ಫಲಿಸಿತು. 1939ರ ಆಗಸ್ಟ್ 17ರಂದು ಸಂಸ್ಥೆ ಸ್ನಾತಕೋತ್ತರ ಮತ್ತು ಸಂಶೋಧನ ಸಂಸ್ಥೆಯಾಗಿ ಮತ್ತೆ ಆರಂಭವಾಯಿತು. ಐ. ಜೆ. ಎಸ್. ತಾರಾಪೋರವಾಲಾ ಮೊದಲ ನಿರ್ದೇಶಕರಾದರು, ಎಸ್. ಎಂ. ಕತ್ರೆ, ಎಚ್. ಡಿ. ಸಾಂಕಳಿಯಾ, ಇರಾವತಿ ಕರ್ವೆ ಮೊದಲಾದವರು ಅಲ್ಲಿ ಸೇರಿದರು. ಕೊಂಕಣಿ ಭಾಷೆಯ ರಚನೆಯನ್ನು ಕುರಿತು ಗ್ರಂಥ ಬರೆದ ಕತ್ರೆಯವರು ಮುಂದೆ ದೀರ್ಘಕಾಲ ನಿರ್ದೇಶಕರಾಗಿದ್ದರು.

ಇಲ್ಲಿ ಎರಡು ಅಂಶಗಳನ್ನು ಎತ್ತಿ ಹೇಳಬೇಕು. ಸಂಸ್ಥೆಯನ್ನು ಉಳಿಸಿದ್ದು ಅದರ ಕೀರ್ತಿಯಲ್ಲ. ಕೀಲ್‌ಹಾರ್ನ್, ಭಾಂಡಾರಕರರ ಹೆಸರುಗಳು 1934ರಲ್ಲಿಯೂ ಇದ್ದವು. ಆದರೂ ಮುಚ್ಚುಗಡೆ ನಿಲ್ಲಲಿಲ್ಲ. ಉಳಿಸಿದ್ದು ಬರವಣಿಗೆಯಲ್ಲಿದ್ದ ಒಂದು ಷರತ್ತು ಮತ್ತು ಆ ಷರತ್ತನ್ನು ನೆನಪಿಟ್ಟುಕೊಂಡಿದ್ದ ಹಳೆಯ ವಿದ್ಯಾರ್ಥಿಗಳು. ಎರಡನೆಯದಾಗಿ, ಮತ್ತೆ ತೆರೆದಾಗ ಸಂಸ್ಥೆ ತನ್ನ ಹಳೆಯ ಕೆಲಸವನ್ನೇ ಮುಂದುವರಿಸಲಿಲ್ಲ. ಪದವಿ ಬೋಧನೆಯನ್ನು ಖಾಸಗಿ ಕಾಲೇಜುಗಳಿಗೆ ಬಿಟ್ಟು, ಅವು ಮಾಡಲಾರದ ಕೆಲಸವನ್ನು ತನ್ನದಾಗಿಸಿಕೊಂಡಿತು. ‘ಈ ಕೆಲಸವನ್ನು ಬೇರೆಯವರೂ ಮಾಡುತ್ತಿದ್ದಾರಲ್ಲ’ ಎಂಬ ಆಕ್ಷೇಪಕ್ಕೆ ಆಮೇಲೆ ಆಸ್ಪದ ಉಳಿಯಲಿಲ್ಲ.

ಅದೇ 1939ರಲ್ಲಿ ಅದೇ ಮುಂಬಯಿ ಸರಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಆನಂತರ ಅದು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ಐದು ವರ್ಷಗಳ ಹಿಂದೆ ಒಂದು ಕಾಲೇಜಿನ ವೆಚ್ಚವನ್ನು ಹೊರೆಯೆಂದು ಕಂಡ ಬೊಕ್ಕಸ, ಎರಡು ಸಂಶೋಧನ ಸಂಸ್ಥೆಗಳನ್ನು ಹೊರಲು ಸಿದ್ಧವಾದದ್ದು ಗಮನಾರ್ಹ. ಆಯವ್ಯಯದ ‘ಅನಿವಾರ್ಯತೆ’ ಎಂಬುದರಲ್ಲಿ ವರಮಾನದ ಲೆಕ್ಕದೊಡನೆ ಆಳುವವರ ಆಯ್ಕೆಯೂ ಬೆರೆತಿರುತ್ತದೆ.

4. ಬೇರೆ ಲೆಕ್ಕಶೀರ್ಷಿಕೆಯ ರಕ್ಷಣೆ

ಡೆಕ್ಕನ್ ಕಾಲೇಜಿನಲ್ಲಿದ್ದ ಸರಕಾರಿ ಹಸ್ತಪ್ರತಿಗಳ ಸಂಗ್ರಹದ ಕಥೆಯೂ ಇದರೊಡನೆ ಸೇರಿದೆ. 1917ರ ಜುಲೈ 6ರಂದು ಪುಣೆಯಲ್ಲಿ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಸ್ಥಾಪನೆಯಾಯಿತು. ಮರುವರ್ಷ ಸರಕಾರ ಸುಮಾರು 20,000 ಹಸ್ತಪ್ರತಿಗಳ ಆ ಸಂಗ್ರಹವನ್ನು ಮಂದಿರಕ್ಕೆ ವಹಿಸಿತು. ಅವುಗಳ ರಕ್ಷಣೆಗೆ ವರ್ಷಕ್ಕೆ 3,000 ರೂಪಾಯಿಗಳನ್ನೂ ಸಂಸ್ಕೃತ-ಪ್ರಾಕೃತ ಗ್ರಂಥಮಾಲೆಯ ಪ್ರಕಟಣೆಗೆ 12,000 ರೂಪಾಯಿಗಳನ್ನೂ ಗೊತ್ತುಪಡಿಸಿತು. ಹೀಗಾಗಿ 1934ರಲ್ಲಿ ಕಾಲೇಜು ಮುಚ್ಚಿದಾಗ ಹಸ್ತಪ್ರತಿಗಳು ಅದರ ಭಾಗ್ಯಕ್ಕೆ ಕಟ್ಟುಬಿದ್ದಿರಲಿಲ್ಲ. ಅವುಗಳಿಗೆ ಬೇರೆಯ ಮನೆಯೂ ಬೇರೆಯ ಲೆಕ್ಕಶೀರ್ಷಿಕೆಯೂ ಇದ್ದವು.

ಇದೇ ಮಂದಿರ 1919ರಲ್ಲಿ ಆರಂಭಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿ 1966ರಲ್ಲಿ ಪೂರ್ಣಗೊಂಡಿತು. ಅದರ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಖಠಣಕರರು 1943ರಲ್ಲಿಯೇ ತೀರಿಕೊಂಡರು, ಎಸ್. ಕೆ. ಬೇಲ್ವಲ್ಕರ್ ಮತ್ತು ಪಿ. ಎಲ್. ವೈದ್ಯ ಕೆಲಸವನ್ನು ಮುಂದುವರಿಸಿದರು. 47 ವರ್ಷಗಳ ಈ ಅವಧಿಯಲ್ಲಿ ಎರಡು ಮಹಾಯುದ್ಧಗಳ ನಡುವಣ ಆರ್ಥಿಕ ಕುಸಿತ, ದೇಶದ ಸ್ವಾತಂತ್ರ್ಯ, ರಾಜ್ಯಗಳ ಪುನರ್ವಿಂಗಡಣೆ ಎಲ್ಲವೂ ಆಗಿಹೋದವು. ಒಂದೊಂದು ಪರ್ವವನ್ನೂ ಮುಗಿದಂತೆ ಮುಗಿದಂತೆ ಪ್ರಕಟಿಸುವ ಕ್ರಮವಿದ್ದುದರಿಂದ ಅನುದಾನ ಕೊಡುವವರ ಕಣ್ಣೆದುರು ಯಾವಾಗಲೂ ಒಂದು ಸಂಪುಟವಿರುತ್ತಿತ್ತು. ಕೆಲಸ ಎಂದೋ ಒಂದು ದಿನ ಮುಗಿದೀತೆಂಬ ಭರವಸೆಗಿಂತ ಇದು ಹೆಚ್ಚು ಪ್ರಯೋಜನಕರವಾದುದು.

ಆದರೆ ನಿಗದಿತ ಮೊತ್ತದ ಅನುದಾನಕ್ಕೆ ಒಂದು ದೌರ್ಬಲ್ಯವಿದೆ. ರೂಪಾಯಿಯ ಬೆಲೆ ಕುಸಿದಂತೆ ಅದು ಯಾರೂ ಕಡಿತಮಾಡದೆಯೇ ಕರಗಿಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಅನುದಾನ ಹಾಗೆಯೇ ಇರುತ್ತದೆ. ಕೆಲಸ ಮಾತ್ರ ನಡೆಯುವುದಿಲ್ಲ.

5. ಕನ್ನಡಕ್ಕೆ ದೊರೆತ ಫಲ

ಪುನರಾರಂಭದ ಬಳಿಕ ಡೆಕ್ಕನ್ ಕಾಲೇಜು ಕೈಗೊಂಡ ಕೆಲಸಗಳಲ್ಲಿ ಕನ್ನಡಕ್ಕೆ ಸಂಬಂಧಿಸಿದವನ್ನು ಮಾತ್ರ ಇಲ್ಲಿ ಸ್ಮರಿಸಬಹುದು. ಜಿ. ಎಸ್. ಗಾಯಿಯವರು ಎಂಟರಿಂದ ಹತ್ತನೆಯ ಶತಮಾನದವರೆಗಿನ ಶಾಸನಗಳನ್ನು ಆಧರಿಸಿ ರಚಿಸಿದ ಹಳಗನ್ನಡದ ಐತಿಹಾಸಿಕ ವ್ಯಾಕರಣ, ಸಂಸ್ಥೆಯ ಪ್ರಬಂಧಮಾಲೆಯಲ್ಲಿ 1946ರಲ್ಲಿ ಪ್ರಕಟವಾಯಿತು. ಬಿ. ಸುಬ್ಬರಾವ್ ಅವರು ಬಳ್ಳಾರಿ ಪ್ರದೇಶದ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತು ನಡೆಸಿದ ಅಧ್ಯಯನ 1948ರಲ್ಲಿ ಹೊರಬಂದಿತು. ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಅವರು ತೆಕ್ಕಲಕೋಟೆಯ ಉತ್ಖನನದ ವರದಿಯನ್ನು 1965ರಲ್ಲಿ ಪ್ರಕಟಿಸಿದರು. ಕೆ. ಪದ್ದಯ್ಯನವರು ಸುರಪುರ ದೋಆಬ್ ಮತ್ತು ಹುಣಸಗಿ ಕಣಿವೆಯಲ್ಲಿ ದಶಕಗಟ್ಟಲೆ ನಡೆಸಿದ ಕ್ಷೇತ್ರಕಾರ್ಯ, 1990ರ ದಶಕದ ಕೊನೆಯಲ್ಲಿ ಇಸಾಂಪುರದ ಉತ್ಖನನಕ್ಕೆ ದಾರಿಮಾಡಿತು. ದಕ್ಷಿಣ ಭಾರತದ ಪೂರ್ವ ಶಿಲಾಯುಗದ ತಿಳಿವಳಿಕೆಯಲ್ಲಿ ಅದಕ್ಕೆ ವಿಶೇಷ ಸ್ಥಾನವಿದೆ.

ಭಾಷಾಶಾಸ್ತ್ರದಲ್ಲಿ ಫಲ ಇನ್ನೂ ವಿಪುಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1950ರ ದಶಕದ ಮಧ್ಯದಲ್ಲಿ ಇಲ್ಲಿ ಬೇಸಗೆಯ ಭಾಷಾಶಾಸ್ತ್ರ ಶಿಬಿರಗಳು ಆರಂಭವಾದವು. ಆಧುನಿಕ ವರ್ಣನಾತ್ಮಕ ಭಾಷಾಶಾಸ್ತ್ರದ ತರಬೇತಿಯನ್ನು ಭಾರತದ ಯುವ ವಿದ್ವಾಂಸರು ಬಹುಮಟ್ಟಿಗೆ ಈ ಶಿಬಿರಗಳಲ್ಲಿಯೇ ಪಡೆದರು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ರೂಪರೇಖೆ 1958ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. ಮುಂದಿನ ದಶಕಗಳಲ್ಲಿ ಹಾಲಕ್ಕಿ, ನಂಜನಗೂಡು, ಗುಲಬರ್ಗಾ, ಬಾರಕೂರು, ಹವ್ಯಕ, ಜೇನುಕುರುಬ ಮೊದಲಾದ ಪ್ರಭೇದಗಳ ವಿವರಣೆಗಳು ಇಲ್ಲಿನ ಪ್ರಕಟಣೆಗಳಾಗಿ ಬಂದವು. ಎ. ಎಸ್. ಆಚಾರ್ಯ, ಯು. ಪಿ. ಉಪಾಧ್ಯಾಯ, ಆರ್. ಮಹಾದೇವನ್, ಡಿ. ಎನ್. ಶಂಕರ ಭಟ್ ಇವರು ಈ ಕಾರ್ಯದಲ್ಲಿ ತೊಡಗಿದ್ದವರು. ಶಂಕರ ಭಟ್ಟರ ತುಳು ಮತ್ತು ಕೊರಗ ಭಾಷೆಗಳ ವಿವರಣೆಗಳೂ ಇಲ್ಲಿಂದಲೇ ಪ್ರಕಟವಾದವು. ಹೊರನಾಡಿನ ಗ್ರಂಥಾಲಯದಲ್ಲಿ ಕುಳಿತು ಕನ್ನಡದ ಉಪಭಾಷೆಗಳನ್ನು ಅಭ್ಯಸಿಸುವ ವಿದ್ವಾಂಸರಿಗೆ ಈ ಕಿರುಪುಸ್ತಕಗಳು ಇಂದಿಗೂ ಆಕರಗಳಾಗಿವೆ.

1934ರ ಉಳಿತಾಯ ಶಾಶ್ವತವಾಗಿದ್ದರೆ ಈ ಕೃತಿಗಳು ಈ ರೂಪದಲ್ಲಿ ಹುಟ್ಟುತ್ತಿರಲಿಲ್ಲ. ಆಯವ್ಯಯದ ಪತ್ರಿಕೆಯಲ್ಲಿ ಉಳಿತಾಯ ಕಾಣುತ್ತದೆ; ಬರೆಯದೆ ಹೋದ ವ್ಯಾಕರಣ ಕಾಣುವುದಿಲ್ಲ. ಕಡಿತದ ಚರ್ಚೆಯಲ್ಲಿ ಸಂಶೋಧನೆಯ ಪಕ್ಷ ಸದಾ ದುರ್ಬಲವಾಗಿ ತೋರುವುದಕ್ಕೆ ಇದೇ ಕಾರಣ.

6. ಇಂದಿನ ಒತ್ತಡದ ರಚನೆ

ಸ್ವಾತಂತ್ರ್ಯಾನಂತರದ ವ್ಯವಸ್ಥೆಯಲ್ಲಿ ಒತ್ತಡ ಉಂಟಾಗುವ ಬಗೆಯನ್ನು ಅರಿಯಲು ಅನುದಾನದ ಕ್ರಮವನ್ನು ತಿಳಿಯಬೇಕು. 1956ರ ಕಾಯಿದೆಯಿಂದ ಶಾಸನಬದ್ಧವಾದ ವಿಶ್ವವಿದ್ಯಾಲಯ ಅನುದಾನ ಆಯೋಗ, ಕೇಂದ್ರೀಯ ವಿಶ್ವವಿದ್ಯಾಲಯಗಳ ನಿತ್ಯದ ವೆಚ್ಚವನ್ನೂ ಭರಿಸುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಿಗಾದರೋ ಅದು ಕೊಡುತ್ತಿದ್ದುದು ಮುಖ್ಯವಾಗಿ ಅಭಿವೃದ್ಧಿಯ ಅನುದಾನ. ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಆಯೋಗ ಒಂದು ಹೊಸ ಹುದ್ದೆಗೆ ಹಣ ಕೊಟ್ಟರೆ, ಅವಧಿ ಮುಗಿದ ಮೇಲೆ ಆ ಹೊಣೆಯನ್ನು ರಾಜ್ಯ ಸರಕಾರ ವಹಿಸಿಕೊಳ್ಳಬೇಕಾಗಿತ್ತು. ರಾಜ್ಯ ಒಪ್ಪದಿದ್ದಲ್ಲಿ ಹುದ್ದೆ ಹುಟ್ಟುತ್ತಲೇ ಇರಲಿಲ್ಲ, ಇಲ್ಲವೆ ಐದು ವರ್ಷಕ್ಕೆ ಮುಗಿಯುತ್ತಿತ್ತು. ಯೋಜನಾ ಮತ್ತು ಯೋಜನೇತರ ವೆಚ್ಚಗಳ ಭೇದವನ್ನು ಕೇಂದ್ರ ಸರಕಾರ 2017-18ರಿಂದ ಕೈಬಿಟ್ಟಿದೆಯಾದರೂ ‘ಆರಂಭಕ್ಕೆ ಒಬ್ಬರು, ನಿರ್ವಹಣೆಗೆ ಇನ್ನೊಬ್ಬರು’ ಎಂಬ ತೊಡಕು ಹೋಗಿಲ್ಲ.

ವೇತನ ಪರಿಷ್ಕರಣೆಯಲ್ಲಿಯೂ ಇದೇ ವಿನ್ಯಾಸ ಕಾಣುತ್ತದೆ. ಆರನೆಯ ವೇತನ ಆಯೋಗದ ತರುವಾಯ ಅಧ್ಯಾಪಕರ ವೇತನ ಪರಿಷ್ಕೃತವಾದಾಗ ಹೆಚ್ಚುವರಿ ವೆಚ್ಚದ ಶೇಕಡ 80ರಷ್ಟನ್ನು ಕೇಂದ್ರ 2010ರ ಮಾರ್ಚ್‌ವರೆಗೆ ಕೊಡುವುದಾಗಿ ಒಪ್ಪಿತು. ಏಳನೆಯ ಆಯೋಗದ ಬಳಿಕ ಆ ಪಾಲು ಶೇಕಡ 50ಕ್ಕೆ ಇಳಿಯಿತು. ಅದರ ಅವಧಿಯೂ 2019ರ ಮಾರ್ಚ್‌ಗೆ ಮುಗಿಯಿತು. ಅವಧಿ ಮುಗಿದ ಮೇಲೆ ಪೂರ್ಣ ಹೊರೆ ರಾಜ್ಯದ್ದು. ಆಗ ರಾಜ್ಯಕ್ಕೆ ಸುಲಭವಾಗಿ ಕಾಣುವ ಉಪಾಯವೆಂದರೆ ನಿವೃತ್ತರಾದವರ ಸ್ಥಾನವನ್ನು ಖಾಲಿ ಬಿಡುವುದು.

ಇನ್ನೊಂದು ಒತ್ತಡ 1990ರ ದಶಕದ ಆರ್ಥಿಕ ಸುಧಾರಣೆಗಳೊಡನೆ ಬಂದಿತು. ವಿಶ್ವವಿದ್ಯಾಲಯ ಅನುದಾನ ಆಯೋಗ ನೇಮಿಸಿದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ, ಸಂಸ್ಥೆಗಳು ತಮ್ಮ ಆವರ್ತಕ ವೆಚ್ಚದ ಶೇಕಡ 15ರಷ್ಟನ್ನು ಐದು ವರ್ಷಗಳ ಕೊನೆಗೂ ಶೇಕಡ 25ರಷ್ಟನ್ನು ಹತ್ತು ವರ್ಷಗಳ ಕೊನೆಗೂ ಸ್ವಂತವಾಗಿ ಗಳಿಸಬೇಕೆಂದು 1993ರಲ್ಲಿ ಶಿಫಾರಸು ಮಾಡಿತು. ವ್ಯವಹಾರಾಡಳಿತ, ಗಣಕವಿಜ್ಞಾನಗಳಂಥ ವಿಷಯಗಳಲ್ಲಿ ಸ್ವಹಣಕಾಸಿನ ಕೋರ್ಸುಗಳ ಮೂಲಕ ಇದು ಸಾಧ್ಯ. ಶಾಸನಶಾಸ್ತ್ರದಲ್ಲಿಯೋ ಉಪಭಾಷೆಗಳ ಸಮೀಕ್ಷೆಯಲ್ಲಿಯೋ ಇಂಥ ಗಳಿಕೆ ಅಸಾಧ್ಯ. ಆದುದರಿಂದ ವಿಶ್ವವಿದ್ಯಾಲಯದ ಒಂದು ವಿಭಾಗದ ಗಳಿಕೆ ಇನ್ನೊಂದು ವಿಭಾಗಕ್ಕೆ ಹರಿಯುವ ಏರ್ಪಾಡಿದೆಯೇ ಎಂಬುದು ನಿರ್ಣಾಯಕವಾಗುತ್ತದೆ. ಪ್ರತಿಯೊಂದು ವಿಭಾಗವೂ ತನ್ನ ವೆಚ್ಚವನ್ನು ತಾನೇ ತೂಗಿಸಬೇಕೆಂಬ ನಿಯಮ ಬಂದಲ್ಲಿ ಭಾಷಾವಿಭಾಗಗಳ ಸ್ಥಿತಿ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಪುಣೆ ಮತ್ತು ಧಾರವಾಡದ ವಿಶ್ವವಿದ್ಯಾಲಯಗಳು 1949ರಲ್ಲಿ ಮುಂಬಯಿ ಪ್ರಾಂತದ ಒಂದೇ ಒಡಲಿನಿಂದ ಹುಟ್ಟಿದವು. ಸಂಯೋಜಿತ ಕಾಲೇಜುಗಳ ಶುಲ್ಕ ಹಾಗೂ ಪರೀಕ್ಷಾ ಶುಲ್ಕ ಇಂಥ ವಿಶ್ವವಿದ್ಯಾಲಯಗಳ ಸ್ವಂತ ಆದಾಯದ ದೊಡ್ಡ ಪಾಲು. ಪುಣೆಯ ವ್ಯಾಪ್ತಿಯಿಂದ 1962ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯವೂ ಧಾರವಾಡದ ವ್ಯಾಪ್ತಿಯಿಂದ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಬೇರ್ಪಟ್ಟವು. ವ್ಯಾಪ್ತಿ ಕುಗ್ಗಿದಂತೆ ಶುಲ್ಕದ ಆದಾಯ ಕುಗ್ಗುತ್ತದೆ. ಆದರೆ ಹಳೆಯ ವಿಭಾಗಗಳ, ಗ್ರಂಥಾಲಯದ, ನಿವೃತ್ತಿ ವೇತನದ ಹೊಣೆ ಅಷ್ಟೇ ಕುಗ್ಗುವುದಿಲ್ಲ.

7. ಕಡಿತ ಮೊದಲು ತಟ್ಟುವುದೆಲ್ಲಿ

ವಿಶ್ವವಿದ್ಯಾಲಯದ ವೆಚ್ಚದಲ್ಲಿ ವೇತನ ಮತ್ತು ನಿವೃತ್ತಿ ವೇತನಗಳೇ ಸಿಂಹಪಾಲು. ಸೇವೆಯಲ್ಲಿರುವವರ ವೇತನವನ್ನು ಇಳಿಸುವಂತಿಲ್ಲ. ಆದುದರಿಂದ ಕಡಿತ ಉಳಿದ ಸಣ್ಣ ಬಾಬುಗಳ ಮೇಲೆ ಎರಗುತ್ತದೆ: ನಿಯತಕಾಲಿಕೆಗಳ ಚಂದಾ, ಕ್ಷೇತ್ರಕಾರ್ಯದ ಪ್ರವಾಸ, ಪ್ರಕಟಣೆ, ಹಸ್ತಪ್ರತಿಗಳ ಸಂರಕ್ಷಣೆ, ಶಿಷ್ಯವೇತನ. ಬಳಿಕ ಖಾಲಿ ಹುದ್ದೆಗಳ ಸರದಿ. ಈ ಕ್ರಮದಲ್ಲಿ ಯಾರನ್ನೂ ಮನೆಗೆ ಕಳಿಸಬೇಕಾಗುವುದಿಲ್ಲ; ಆದಕಾರಣ ಇದು ನಿರುಪದ್ರವಿಯಂತೆ ತೋರುತ್ತದೆ.

ವಾಸ್ತವದಲ್ಲಿ ದೀರ್ಘಕಾಲದ ಸಂಶೋಧನೆಗೆ ಖಾಲಿ ಹುದ್ದೆಯೇ ಅತಿ ದೊಡ್ಡ ಹಾನಿ. ಡೆಕ್ಕನ್ ಕಾಲೇಜಿನ ಸಂಸ್ಕೃತ ನಿಘಂಟಿನ ಕಾರ್ಯ ಇದಕ್ಕೆ ಉದಾಹರಣೆ. ಐತಿಹಾಸಿಕ ತತ್ತ್ವಗಳನ್ನು ಅನುಸರಿಸಿದ ಈ ಬೃಹತ್ ನಿಘಂಟನ್ನು ಕತ್ರೆಯವರು 1948ರಲ್ಲಿ ಆರಂಭಿಸಿದರು. ಸಾವಿರಕ್ಕೂ ಮಿಕ್ಕಿದ ಗ್ರಂಥಗಳಿಂದ ಸುಮಾರು ಒಂದು ಕೋಟಿ ಚೀಟಿಗಳನ್ನು ಸಿದ್ಧಪಡಿಸಲು 25 ವರ್ಷಗಳಷ್ಟು ಕಾಲ ಹಿಡಿಯಿತು. ಎ. ಎಂ. ಘಾಟಗೆಯವರ ಸಂಪಾದಕತ್ವದಲ್ಲಿ ಪ್ರಕಟಣೆ 1976ರಲ್ಲಿ ತೊಡಗಿತು. ಪ್ರಕಟವಾದ ಮೂವತ್ತಕ್ಕೂ ಹೆಚ್ಚು ಸಂಪುಟಗಳು ಅಕಾರದಿಂದ ತೊಡಗುವ ಶಬ್ದಗಳ ವಿಸ್ತಾರವನ್ನೇ ಒಳಗೊಂಡಿವೆ. ಇಲ್ಲಿ ಚೀಟಿಗಳು ಮೂಲಧನವಿದ್ದಂತೆ. ಅವುಗಳನ್ನು ಓದಿ ಅರ್ಥಗಳನ್ನು ವಿಂಗಡಿಸಬಲ್ಲ ಸಂಪಾದಕರಿಲ್ಲದೆ ಆ ಮೂಲಧನಕ್ಕೆ ಫಲವಿಲ್ಲ. ಅಂಥ ಸಂಪಾದಕರು ಸಿದ್ಧವಾಗುವುದು ಹಿರಿಯರ ಪಕ್ಕದಲ್ಲಿ ಹಲವು ವರ್ಷ ಕುಳಿತು ದುಡಿದಾಗ. ಹಿರಿಯರು ನಿವೃತ್ತರಾಗಿ ಹತ್ತು ವರ್ಷಗಳ ಮೇಲೆ ಹುದ್ದೆ ತುಂಬಿದರೆ ವೇತನದ ಬಾಬು ಮರಳಿ ಬರುತ್ತದೆ. ಕಲಿಸುವವರು ಮರಳಿ ಬರುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಹೋಲಿಕೆಯಾಗಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ನೆನೆಯಬಹುದು. ಸರಕಾರದ ನೆರವಿನಿಂದ ನಡೆದ ಆ ಕಾರ್ಯದ ಮೊದಲ ಸಂಪುಟ 1970ರಲ್ಲಿ ಬಂದಿತು. ಎಂಟನೆಯ ಮತ್ತು ಕೊನೆಯ ಸಂಪುಟ 1995ರಲ್ಲಿ ಹೊರಬಂದಿತು. ಜಿ. ವೆಂಕಟಸುಬ್ಬಯ್ಯನವರಂಥ ಸಂಪಾದಕರು ಆ ಕೆಲಸದೊಡನೆ ದಶಕಗಳ ಕಾಲ ಉಳಿದುದು, ಅದು ಪೂರ್ಣವಾಗುವುದಕ್ಕೆ ಹಣದಷ್ಟೇ ಮುಖ್ಯವಾದ ಕಾರಣ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಸ್ಥಾಪಿತವಾದುದು ಬೋಧನೆಗಿಂತ ಸಂಶೋಧನೆಯನ್ನೇ ಮುಖ್ಯ ಗುರಿಯಾಗಿಟ್ಟುಕೊಂಡು. ಪದವಿ ಕಾಲೇಜುಗಳ ಸಂಯೋಜನೆಯ ಆದಾಯ ಅದಕ್ಕಿಲ್ಲ. ಆದುದರಿಂದ 2020-21ರಲ್ಲಿ ಸರಕಾರದ ಅನುದಾನ ಕುಸಿದಾಗ ಅಲ್ಲಿ ಉಂಟಾದ ಸಂಕಟ ಬಹಿರಂಗ ಪ್ರತಿಭಟನೆಗೆ ಎಡೆಮಾಡಿತು. ಸಂಶೋಧನ ವಿದ್ಯಾರ್ಥಿಗಳ ಶಿಷ್ಯವೇತನದ ಪ್ರಶ್ನೆಯೂ ಅದರಲ್ಲಿ ಸೇರಿತ್ತು. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಸಚಿವ ಸಂಪುಟದ ಉಪಸಮಿತಿ, ಅಲ್ಪಕಾಲದ ಹಿಂದೆ ಸ್ಥಾಪಿಸಿದ 9 ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪರವಾಗಿ ಅಭಿಪ್ರಾಯ ತಳೆದಾಗಲೂ ಹಣದ ಕೊರತೆ ಮುಖ್ಯ ಕಾರಣವಾಗಿತ್ತು. ಆರಂಭದ ಘೋಷಣೆಗೆ ತಕ್ಕ ನಿರ್ವಹಣೆಯ ನಿಧಿಯಿಲ್ಲದೆ ಸಂಸ್ಥೆಗಳನ್ನು ಹುಟ್ಟಿಸುವುದು, ಹಾಗೂ ಉಳಿತಾಯಕ್ಕಾಗಿ ಅವನ್ನು ಮುಚ್ಚುವುದು, ಇವೆರಡೂ ಒಂದೇ ದೋಷದ ಎರಡು ಮುಖಗಳು.

8. ಹೊರನಾಡಿನ ಕನ್ನಡ ಪೀಠಗಳು

ಮೇಲಿನ ವಿವೇಚನೆಯನ್ನು ಕರ್ನಾಟಕದ ಹೊರಗಿನ ಕನ್ನಡ ಪೀಠಗಳಿಗೆ ಅನ್ವಯಿಸಿ ನೋಡೋಣ. ಪೀಠಕ್ಕೆ ಹಣ ಬರುವ ದಾರಿಗಳು ಮುಖ್ಯವಾಗಿ ಎರಡು: ಮೂಲಧನವನ್ನು ಠೇವಣಿಯಿಟ್ಟು ಅದರ ಬಡ್ಡಿಯಿಂದ ನಡೆಸುವುದು, ಇಲ್ಲವೆ ವರ್ಷವರ್ಷದ ಅನುದಾನದಿಂದ ನಡೆಸುವುದು.

ಮೊದಲನೆಯದು ಸ್ಥಿರವೆಂದು ತೋರಿದರೂ ಅದರ ಲೆಕ್ಕವನ್ನು ಎಚ್ಚರದಿಂದ ಮಾಡಬೇಕು. ಒಂದು ಕೋಟಿ ರೂಪಾಯಿಗಳ ಮೂಲಧನಕ್ಕೆ ಶೇಕಡ 7ರ ಬಡ್ಡಿ ದೊರೆತರೆ ವರ್ಷಕ್ಕೆ 7 ಲಕ್ಷ ರೂಪಾಯಿ. ಏಳನೆಯ ವೇತನ ಆಯೋಗದ ತರುವಾಯ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ ತಿಂಗಳಿಗೆ 57,700 ರೂಪಾಯಿ, ಎಂದರೆ ವರ್ಷಕ್ಕೆ 6,92,400. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿದರೆ ಬಡ್ಡಿ ಸಾಲದು. ಪ್ರಾಧ್ಯಾಪಕರ ಆರಂಭದ ಮೂಲವೇತನ 1,44,200 ರೂಪಾಯಿ, ವರ್ಷಕ್ಕೆ 17,30,400. ಇಷ್ಟಕ್ಕೇ ಸುಮಾರು ಎರಡೂವರೆ ಕೋಟಿಯ ಮೂಲಧನ ಬೇಕು. ಬಡ್ಡಿಯೆಲ್ಲವನ್ನೂ ವೆಚ್ಚಮಾಡಿದರೆ ಮೂಲಧನ ಬೆಲೆಯೇರಿಕೆಯೊಡನೆ ಬೆಳೆಯುವುದಿಲ್ಲ. ಒಂದು ಪಾಲನ್ನು ಮರಳಿ ಸೇರಿಸುತ್ತ ಹೋಗದಿದ್ದರೆ 3,000 ರೂಪಾಯಿಗಳ ಹಳೆಯ ಅನುದಾನದ ಗತಿಯೇ ಅದಕ್ಕೂ ಬರುತ್ತದೆ. ಎರಡನೆಯ ದಾರಿಯಲ್ಲಿ ಮೊತ್ತ ಹೆಚ್ಚಿರಬಹುದು. ಆದರೆ ಅನುದಾನ ಕೊಡುವ ರಾಜ್ಯ ಬೇರೆ, ಪೀಠವಿರುವ ವಿಶ್ವವಿದ್ಯಾಲಯ ಬೇರೆ ಆಗಿರುವುದರಿಂದ ಹಣ ತಡವಾದಾಗ ಇಬ್ಬರೂ ಹೊಣೆಯನ್ನು ಇನ್ನೊಬ್ಬರೆಡೆಗೆ ತೋರುವ ಅಪಾಯವಿದೆ.

ಡೆಕ್ಕನ್ ಕಾಲೇಜಿನ ಚರಿತ್ರೆಯಿಂದ ಇಂಥ ಪೀಠಗಳು ಗ್ರಹಿಸಬಹುದಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಹಣದ ಉದ್ದೇಶವನ್ನು ಒಪ್ಪಂದದಲ್ಲಿ ಸ್ಪಷ್ಟವಾದ ಮಾತುಗಳಲ್ಲಿ ದಾಖಲಿಸಬೇಕು; ‘ಕನ್ನಡದ ಅಭಿವೃದ್ಧಿ’ ಎಂಬ ಸಡಿಲ ನುಡಿ ಸಂಕಟದ ವೇಳೆ ರಕ್ಷಣೆ ಕೊಡಲಾರದು. ಗ್ರಂಥಸಂಗ್ರಹ, ಧ್ವನಿಮುದ್ರಣ, ಚೀಟಿಗಳಂಥ ಆಕರಗಳಿಗೆ ಪೀಠದ ಆಗುಹೋಗುಗಳಿಗೆ ಕಟ್ಟುಬೀಳದ ಪ್ರತ್ಯೇಕ ನೆಲೆಯಿರಬೇಕು. ದೊಡ್ಡ ಕೆಲಸವನ್ನು ಬಿಡಿ ಸಂಪುಟಗಳಾಗಿ ಪ್ರಕಟಿಸಬೇಕು. ಪೀಠ ತನ್ನ ಸ್ಥಳದಲ್ಲಿ ಬೇರಾರೂ ಮಾಡದ ಕೆಲಸವನ್ನು ಆರಿಸಿಕೊಳ್ಳಬೇಕು. ಎಲ್ಲಕ್ಕೂ ಮಿಗಿಲಾಗಿ, ಹಿರಿಯರು ಸೇವೆಯಲ್ಲಿರುವಾಗಲೇ ಕಿರಿಯರ ನೇಮಕವಾಗುವಂತೆ ನೋಡಿಕೊಳ್ಳಬೇಕು.

9. ಉಪಸಂಹಾರ

ಶಿಕ್ಷಣಕ್ಕೆ ರಾಷ್ಟ್ರೀಯ ವರಮಾನದ ಶೇಕಡ 6ರಷ್ಟನ್ನು ಮೀಸಲಿಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶೇಕಡ 6ರ ಗುರಿಯನ್ನೇ ಮತ್ತೊಮ್ಮೆ ಉಚ್ಚರಿಸಿತು. ಅರ್ಧ ಶತಮಾನಕ್ಕೂ ಮಿಕ್ಕಿ ಒಂದೇ ಗುರಿಯನ್ನು ಪುನರುಚ್ಚರಿಸಬೇಕಾಗಿ ಬಂದಿರುವುದರಿಂದ, ಆಯವ್ಯಯದ ಬಿಗಿತವನ್ನು ತಾತ್ಕಾಲಿಕವೆಂದು ಭಾವಿಸಲು ಆಧಾರವಿಲ್ಲ. ಅದು ಸಾರ್ವಜನಿಕ ವಿದ್ಯಾಸಂಸ್ಥೆಗಳ ಸಾಮಾನ್ಯ ಸ್ಥಿತಿ ಎಂದೇ ತಿಳಿದು ನಮ್ಮ ಕೆಲಸಗಳನ್ನು ಯೋಜಿಸುವುದು ವಿವೇಕ.

ಹಾಗೆಂದು ಕಡಿತವನ್ನು ಒಪ್ಪಿಕೊಂಡು ಕೂಡಬೇಕೆಂದು ನಾವು ಹೇಳುತ್ತಿಲ್ಲ. 1934ರಲ್ಲಿ ಹಳೆಯ ವಿದ್ಯಾರ್ಥಿಗಳು ಹಾಗೆ ಕುಳಿತಿದ್ದರೆ ಯೆರವಡೆಯ ಕಟ್ಟಡ ಉಳಿಯುತ್ತಿತ್ತೇನೋ. ಹಾಲಕ್ಕಿಯ ವಿವರಣೆಯೂ ಹಳಗನ್ನಡ ಶಾಸನಗಳ ವ್ಯಾಕರಣವೂ ಅಲ್ಲಿಂದ ಬರುತ್ತಿರಲಿಲ್ಲ. ಸಂಸ್ಥೆಯ ದತ್ತಿಪತ್ರ, ಅನುದಾನದ ಆಜ್ಞೆ, ಲೆಕ್ಕಪತ್ರಗಳನ್ನು ಶಾಸನದಷ್ಟೇ ಶ್ರದ್ಧೆಯಿಂದ ಓದಬೇಕಾದ ಹೊಣೆ ಸಂಶೋಧಕರಿಗಿದೆ. ಅವುಗಳಲ್ಲಿರುವ ಒಂದು ಸಾಲು ಮುಂದಿನ ತಲೆಮಾರಿನ ಕೆಲಸವನ್ನು ಕಾಯಬಹುದು. ಅಂಥ ಸಾಲು ಅವುಗಳಲ್ಲಿ ಇಲ್ಲವಾದರೆ, ಅದನ್ನು ಬರೆಯಿಸಲು ತಕ್ಕ ಕಾಲ ಅನುದಾನ ಇನ್ನೂ ಬರುತ್ತಿರುವಾಗಲೇ.